ಕ್ಲೀನ್‌ರೂಮಿಗೆ ಹೂವಿನ ಕುಂಡ ತಂದ ಮುಖ್ಯ ಆಡಳಿತಾಧಿಕಾರಿಗಳಿಗೆ

ಸಾರ್ವಜನಿಕ ಆಸ್ಪತ್ರೆಗಳ ಮುಖ್ಯ ಆಡಳಿತಾಧಿಕಾರಿಗಳೇ, ಮಾನ್ಯರೇ,

ಹಸುಗೂಸೊಂದರ ರಕ್ತಕ್ಕೆ ಸೋಂಕು ತಗಲಿದ್ದಕ್ಕೆ ಅದರ ತಾಯಿಯ ಕೈಕೊಳೆಯೇ ಕಾರಣವೆಂದು ತಾವು ಕಳೆದ ವಾರ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದೀರಿ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದರೆ ತಾವು ಆ ಕುರ್ಚಿಯಲ್ಲಿ ಕೂರಲು ಲಾಯಕ್ಕಲ್ಲ. ಗೊತ್ತಿಲ್ಲದೆ ಹೇಳಿದ್ದರೆ ಆ ಕುರ್ಚಿಯ ಪಕ್ಕದಲ್ಲಿ ನಿಲ್ಲಲೂ ಲಾಯಕ್ಕಲ್ಲ. ಎರಡರಲ್ಲಿ ಯಾವುದೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ತಮ್ಮದು.

ನ್ಯಾಯವಾಗಿ ಈ ಪತ್ರವನ್ನು ನನ್ನ ಹೆಂಡತಿ ಬರೆಯಬೇಕಿತ್ತು. ತಮ್ಮ ಆಸ್ಪತ್ರೆಯ ಕ್ಲೀನ್‌ರೂಮನ್ನು ಅದು ಕಟ್ಟಿದಂದಿನಿಂದ ನೋಡಿಕೊಂಡವಳು, ಸೂಕ್ಷ್ಮಜೀವಿ ಶಾಸ್ತ್ರ ಓದಿದವಳು, ಅಲ್ಲಿ ಏನು ನಡೆಯಿತೆಂದು ನಿಂತು ನೋಡಿದವಳು ಅವಳೇ. ಆದರೆ ಅವಳು ಪತ್ರಿಕೆಗಳ ಜೊತೆ ಮಾತಾಡಕೂಡದೆಂದು ತಾವು ಆಜ್ಞೆ ಹೊರಡಿಸಿದ್ದೀರಿ. ಆಕೆಗೊಬ್ಬ ಗಂಡನಿದ್ದಾನೆ, ಅವನು ಶಾಲೆಯಲ್ಲಿ ವ್ಯಾಕರಣ ಪಾಠ ಮಾಡಿ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾನೆ, ಅವನಿಗೆ ಬೇಕಾದಷ್ಟು ಪುರುಸೊತ್ತಿದೆ ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ತಮ್ಮ ಗಮನಕ್ಕೆ ಬಾರದ ವಿಷಯಗಳ ಪೈಕಿ ಇದು ತೀರಾ ಚಿಕ್ಕದು.

ಮೊದಲು ಆ ಕೋಣೆ ಯಾತಕ್ಕಿದೆ ಎಂದು ಹೇಳಿಬಿಡುತ್ತೇನೆ. ಓದುಗರಿಗಾಗಿ ಹೇಳುತ್ತಿದ್ದೇನೆ, ಆದರೆ ತಾವೂ ಕೇಳಿಸಿಕೊಳ್ಳಬಹುದು. ದಿನ ತುಂಬುವ ಮೊದಲೇ ಹುಟ್ಟಿಬಿಟ್ಟ ಮಕ್ಕಳಿಗೆ ಹಾಲು ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಸಕ್ಕರೆ, ಕೊಬ್ಬು, ಪ್ರೋಟೀನು, ಲವಣಗಳನ್ನು ಅಳತೆಯಂತೆ ಬೆರೆಸಿ, ಚೀಲಕ್ಕೆ ತುಂಬಿ, ಸಣ್ಣ ನಳಿಕೆಯ ಮೂಲಕ ನೇರವಾಗಿ ರಕ್ತನಾಳಕ್ಕೆ ಹನಿ ಹನಿಯಾಗಿ ಬಿಡುತ್ತಾರೆ. ಆ ಮಕ್ಕಳಿಗೆ ಊಟವೆಂದರೆ ಅದೇ. ಬೆರೆಸಿದ ಮೇಲೆ ಅದನ್ನು ಕುದಿಸುವಂತಿಲ್ಲ, ಕುದಿಸಿದರೆ ಕೆಟ್ಟುಹೋಗುತ್ತದೆ. ಆದ್ದರಿಂದ ಬೆರೆಸುವ ಜಾಗವೇ ಶುದ್ಧವಾಗಿರಬೇಕು. ಸೋಸಿದ ಗಾಳಿ ಮಾತ್ರ ಒಳಗೆ ಬರಬೇಕು, ಬಾಗಿಲು ತೆರೆದಾಗ ಒಳಗಿನ ಗಾಳಿ ಹೊರಕ್ಕೆ ನುಗ್ಗಬೇಕೇ ಹೊರತು ಹೊರಗಿನದು ಒಳಕ್ಕೆ ನುಗ್ಗಬಾರದು. ಒಂದರ ಹಿಂದೊಂದು ಎರಡು ಬಾಗಿಲುಗಳಿವೆ. ಎರಡನ್ನೂ ಒಟ್ಟಿಗೆ ತೆರೆದರೆ ಅಲಾರಂ ಕಿರುಚುತ್ತದೆ. ಅದು ಅಲಂಕಾರಕ್ಕೆ ಇಟ್ಟ ಗಂಟೆಯಲ್ಲ.

ಮದುವೆಯಾದ ಹೊಸದರಲ್ಲಿ ನನಗೂ ಇದೆಲ್ಲ ಅತಿ ಅನಿಸುತ್ತಿತ್ತು. ನಮ್ಮ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಅಡುಗೆಮನೆ ಪ್ರವೇಶವಿಲ್ಲ. ಅಂಗಡಿಯಿಂದ ಏನೇ ತಂದರೂ ಬಾಗಿಲ ಹೊರಗೆ ಪೆಟ್ಟಿಗೆ ಬಿಚ್ಚಿ, ಒಳಗಿನದನ್ನು ಮಾತ್ರ ತರಬೇಕು. ಒಂದು ದಿನ ರೇಗಿ ಕೇಳಿದ್ದೆ.

"ಅಲ್ವೇ, ಆ ರಟ್ಟು ನಿನಗೆ ಏನು ಮಾಡಿದೆ?"

"ರಟ್ಟಲ್ಲ ರೀ, ರಟ್ಟಿನ ಧೂಳು. ಅದರಲ್ಲಿ ಬೀಜಾಣು ಇರುತ್ತೆ."

"ಆಲ್ಕೋಹಾಲ್ ಹಾಕಿ ಒರೆಸಿಬಿಡು. ಸಾಯುತ್ತೆ."

ಅವಳು ನಕ್ಕಳು. "ಬ್ಯಾಕ್ಟೀರಿಯಾ ಸಾಯುತ್ತೆ. ಬೀಜಾಣುಗೆ ಅದು ಸ್ನಾನ ಮಾಡಿಸಿದ ಹಾಗೆ, ಅಷ್ಟೆ. ಕೆಲವು ಬ್ಯಾಕ್ಟೀರಿಯಾ ಇದಾವೆ, ತಿನ್ನೋಕೆ ಸಿಗದೆ ಹೋದ್ರೆ ತಮ್ಮ ಸುತ್ತ ಗಟ್ಟಿ ಚಿಪ್ಪು ಕಟ್ಕೊಂಡು ಮಲಗಿಬಿಡ್ತವೆ. ಅದೇ ಬೀಜಾಣು. ಒಣಗಿಸಿ, ಬಿಸಿಲಿಗೆ ಹಾಕಿ, ಏನೇ ಮಾಡಿ, ವರ್ಷಗಟ್ಟಲೆ ಹಾಗೇ ಬಿದ್ದಿರ್ತವೆ. ಒದ್ದೆ, ಬೆಚ್ಚಗೆ, ಸ್ವಲ್ಪ ಸಕ್ಕರೆ ಸಿಕ್ಕಿದ ತಕ್ಷಣ ಎದ್ದು ಕೂತ್ಕೋತವೆ."

"ಕುದಿಯೋ ನೀರು?"

"ಕೆಲವು ಅದಕ್ಕೂ ಜಗ್ಗಲ್ಲ."

"ಹಾಗಾದ್ರೆ ನೀವು ಮಾಡೋದಾದ್ರೂ ಏನು?"

"ಒಳಗೆ ಬರದ ಹಾಗೆ ನೋಡ್ಕೋತೀವಿ. ಬಂದದ್ದನ್ನ ಕೊಲ್ಲೋಕೆ ಬೇರೆ ದ್ರಾವಣ ಇದೆ, ವಾಸನೆ ಮೂಗಿಗೆ ಹೊಡೆಯುತ್ತೆ. ಅದನ್ನ ಒರೆಸಿ, ಹೇಳಿದಷ್ಟು ಹೊತ್ತು ಒದ್ದೆಯಾಗೇ ಬಿಡಬೇಕು. ಅವಸರ ಪಟ್ಟು ಒಣಗಿಸಿದ್ರೆ ಒರೆಸಿದ್ದೂ ದಂಡ."

ಇಷ್ಟೇ ಮಾನ್ಯರೇ. ವ್ಯಾಕರಣ ಬಿಟ್ಟು ಬೇರೇನೂ ತಿಳಿಯದ ನನಗೆ ಒಂದು ಊಟ ಮುಗಿಯುವಷ್ಟರಲ್ಲಿ ಅರ್ಥವಾಯಿತು. ತಮಗೆ ಅವಳು ಎರಡು ಸಲ ಬರೆದು ತಿಳಿಸಿದಳು, ಒಂದು ಸಲ ಎದುರು ನಿಂತು ಹೇಳಿದಳು. ಆದರೂ ಅರ್ಥವಾಗಲಿಲ್ಲವೆಂದರೆ, ದೋಷ ಹೇಳಿದವಳ ಕಂಠದಲ್ಲಂತೂ ಇರಲಿಲ್ಲ.

ವರ್ಷದ ಆರಂಭದಲ್ಲಿ ತಾವು ಮೊದಲ ಬಾರಿ ತಪಾಸಣೆಗೆ ಬಂದಾಗ ಆ ದ್ರಾವಣದ ವಾಸನೆಗೆ ತಮ್ಮ ಕಣ್ಣಲ್ಲಿ ನೀರು ಬಂತು. ಆ ಕಣ್ಣಲ್ಲಿ ನೀರು ಬಂದದ್ದನ್ನು ಕಂಡವರು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಹಾಗಾಗಿ ಅದು ಇಡೀ ಆಸ್ಪತ್ರೆಯಲ್ಲಿ ಸುದ್ದಿಯಾಯಿತು. ಬೆನ್ನಿಗೇ ಸುತ್ತೋಲೆ ಬಂತು: ಸಿಬ್ಬಂದಿಯ ಆರೋಗ್ಯದ ಹಿತದೃಷ್ಟಿಯಿಂದ ಉಗ್ರ ವಾಸನೆಯ ದ್ರಾವಣಗಳ ಬಳಕೆಯನ್ನು ನಿಲ್ಲಿಸಲಾಗಿದೆ. ಬದಲಿಗೆ ಮಲ್ಲಿಗೆ ಪರಿಮಳದ, ನೆಲ ಒರೆಸುವ ನೀಲಿ ದ್ರವ. ವರಾಂಡ ಒರೆಸಲು ಅದು ಬಹಳ ಸೊಗಸು. ಕ್ಲೀನ್‌ರೂಮಿನಲ್ಲಿ ಅದರ ಉಪಯೋಗವೇನೆಂದು ನನ್ನ ಹೆಂಡತಿ ಕೇಳಿ ಬರೆದದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ, "ಪರಿಮಳದ ಬಗ್ಗೆ ರೋಗಿಗಳಿಂದ ಉತ್ತಮ ಪ್ರತಿಕ್ರಿಯೆ ಬಂದಿರುತ್ತದೆ." ಆ ಕೋಣೆಯೊಳಗೆ ಯಾವ ರೋಗಿ ಕಾಲಿಟ್ಟಿದ್ದ, ಮಾನ್ಯರೇ? ಇನ್‌ಕ್ಯುಬೇಟರಿನಲ್ಲಿ ಮಲಗಿದ್ದ ಕೂಸುಗಳು ಎದ್ದು ಬಂದು ಮೂಸಿ ನೋಡಿದವೇ?

ಉಳಿದಿದ್ದ ಹಳೆಯ ದ್ರಾವಣವನ್ನು ಅವಳು ಸಾರಿಗೆ ಉಪ್ಪು ಹಾಕಿದಂತೆ ಜೋಪಾನವಾಗಿ ಬಳಸುತ್ತ ಬಂದಳು. ಅಷ್ಟರಲ್ಲಿ ಹೊಸ ಗಾಳಿ ಸೋಸುವ ಯಂತ್ರ ಬಂತು, ಅದರ ಉದ್ಘಾಟನೆಗೆ ತಾವು ಮತ್ತೊಮ್ಮೆ ದಯಮಾಡಿಸಿದಿರಿ. ಸಿಬ್ಬಂದಿ ಕುಟುಂಬಸಮೇತ ಬರಬೇಕೆಂದು ಆಮಂತ್ರಣವಿತ್ತು. ಹಾಗಾಗಿ ಗಾಜಿನ ಗೋಡೆಯ ಈಚೆ, ಕಾರಿಡಾರಿನಲ್ಲಿ, ಕೈಯಲ್ಲೊಂದು ಬಿಸ್ಕತ್ತು ಹಿಡಿದು ನಿಂತವರಲ್ಲಿ ನಾನೂ ಇದ್ದೆ. ಮುಂದಿನದನ್ನು ನಾನು ಯಾರ ಬಾಯಿಂದಲೂ ಕೇಳಿ ಬರೆಯುತ್ತಿಲ್ಲ.

ತಮ್ಮ ಆಪ್ತ ಸಹಾಯಕರು ಒಂದು ಹೂವಿನ ಕುಂಡವನ್ನು ಮಗುವಿನಂತೆ ತಬ್ಬಿಕೊಂಡು ಬಂದರು. ಮಣ್ಣು ತುಂಬಿದ, ಆಗಷ್ಟೇ ನೀರು ಹಾಕಿದ, ತಳದಿಂದ ಕೆಸರು ಜಿನುಗುತ್ತಿದ್ದ ಕುಂಡ. ಹಸಿರು ಆಸ್ಪತ್ರೆಯ ಸಂಕೇತವಂತೆ. ನನ್ನ ಹೆಂಡತಿ ಮೊದಲ ಬಾಗಿಲಿಗೆ ಅಡ್ಡ ನಿಂತಳು.

"ಸರ್, ಒಳಗೆ ಬರೋದಾದ್ರೆ ಶೂ ಬಿಚ್ಚಿ, ಕೈ ತೊಳೆದು, ಗೌನು ಹಾಕ್ಕೋಬೇಕು. ಫೋನು, ವಾಚು ಹೊರಗೆ. ಗಿಡ ಅಂತೂ ಬೇಡವೇ ಬೇಡ."

"ಯಾಕಮ್ಮಾ? ನಾನೇನು ಗದ್ದೆಯಿಂದ ಎದ್ದು ಬಂದಿದ್ದೀನಾ? ಶೂ ಇವತ್ತು ಬೆಳಗ್ಗೆ ಪಾಲಿಶ್ ಆಗಿರೋದು, ನೋಡು."

"ಹೊಳಪಿನ ವಿಷಯ ಅಲ್ಲ ಸರ್. ಬೀಜಾಣು ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದೆ ಇರೋದಕ್ಕೆಲ್ಲ ಹೆದರ್ತಾ ಕೂತ್ರೆ ಆಡಳಿತ ನಡೆಯುತ್ತಾ?" ಎಂದಿರಿ. ಸುತ್ತ ನಿಂತವರೆಲ್ಲ ನಕ್ಕರು. ತಮ್ಮ ಹಾಸ್ಯಕ್ಕೆ ನಗುವುದು ಅವರ ಸೇವಾ ನಿಯಮಗಳಲ್ಲೇ ಇರಬೇಕು.

"ಗಾಜಿನ ಈಚೆಯಿಂದಲೇ ಫೋಟೋ ತೆಗೀಬಹುದು ಸರ್. ಗಾಜು ಹಾಕಿರೋದೇ ಅದಕ್ಕೆ."

"ಗಾಜಲ್ಲಿ ಫ್ಲ್ಯಾಶ್ ಹೊಡೆಯುತ್ತೆ ಮೇಡಂ," ಎಂದ ಫೋಟೋಗ್ರಾಫರ್.

ಅಷ್ಟಕ್ಕೆ ತೀರ್ಮಾನವಾಯಿತು. ನವಜಾತ ಶಿಶುಗಳ ಪ್ರಾಣ ಒಂದು ಕಡೆ, ಗಾಜಿನಲ್ಲಿ ಫ್ಲ್ಯಾಶ್ ಹೊಡೆಯುವ ತೊಂದರೆ ಇನ್ನೊಂದು ಕಡೆ. ತಾವು ತೂಗಿ ನೋಡಿ, ಫ್ಲ್ಯಾಶಿನ ಪರವಾಗಿ ತೀರ್ಪು ಕೊಟ್ಟಿರಿ. "ಒಂದು ನಿಮಿಷದ ಕೆಲಸ, ಬಿಡಮ್ಮಾ," ಎಂದು ಆಪ್ತ ಸಹಾಯಕರು ಅವಳನ್ನು ಭುಜದಿಂದ ಸರಿಸಿದರು. ಪಾಲಿಶ್ ಮಾಡಿದ ಶೂಗಳು, ಅವುಗಳ ಹಿಂದೆ ಪಾಲಿಶ್ ಮಾಡದವು, ಸಾಲಾಗಿ ಒಳಗೆ ಹೋದವು. ಕ್ಯಾಮೆರಾದ ತಂತಿಗೆ ದಾರಿ ಬೇಕೆಂದು ಎರಡೂ ಬಾಗಿಲುಗಳನ್ನು ತೆರೆದು ಹಿಡಿದರು. ಅಲಾರಂ ಕಿರುಚತೊಡಗಿತು. ಆಗ ತಾವು ಹುಬ್ಬು ಗಂಟಿಕ್ಕಿ ಹೇಳಿದ ಮಾತು ಗಾಜಿನ ಈಚೆಗೂ ಕೇಳಿಸಿತು: "ಆ ಸದ್ದು ನಿಲ್ಲಿಸ್ರಯ್ಯ, ವಿಡಿಯೋದಲ್ಲಿ ಬರುತ್ತೆ." ನಿಲ್ಲಿಸಿದರು. ಮಕ್ಕಳ ಊಟ ಬೆರೆಸುವ ಉಕ್ಕಿನ ಮೇಜಿನ ಮೇಲೆ ಕುಂಡ ಕೂತಿತು. ಪಕ್ಕದಲ್ಲಿ ತಾವು, ಒಂದು ಕೈ ಮೇಜಿನ ಮೇಲೆ ಊರಿ, ಸ್ವಚ್ಛತೆಯ ಮಹತ್ವ ಕುರಿತು ಮಾತಾಡಿದಿರಿ. ಆ ವಿಡಿಯೋ ಈಗಲೂ ತಮ್ಮ ಕಚೇರಿಯ ಪುಟದಲ್ಲಿದೆ. ದಯವಿಟ್ಟು ತೆಗೆಯಬೇಡಿ. ಇಷ್ಟು ಚೆನ್ನಾಗಿ ಚಿತ್ರೀಕರಣವಾದ ಪುರಾವೆ ಸಿಗುವುದು ಅಪರೂಪ.

ತಾವು ಹೋದ ಮೇಲೆ ಅವಳು ಆ ದಿನ ತಯಾರಾಗಿದ್ದ ಚೀಲಗಳನ್ನೆಲ್ಲ ಎಸೆಸಿದಳು. ಉಳಿದಿದ್ದ ದ್ರಾವಣದಲ್ಲಿ ಸೂರು, ಗೋಡೆ, ಮೇಜು, ನೆಲ ಒರೆಸಿದರು. ಪೂರ್ತಿ ಕೋಣೆಗೆ ಅದು ಸಾಲಲಿಲ್ಲ. ಪೋಷಕ ಪದಾರ್ಥ ಹಾಕಿದ ಗಾಜಿನ ತಟ್ಟೆಗಳನ್ನು ಅಲ್ಲಲ್ಲಿ ತೆರೆದಿಟ್ಟು, ಮೇಜಿಗೆ ಒತ್ತಿ ತೆಗೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಸೂಕ್ಷ್ಮಜೀವಿ ಇದ್ದರೆ ಅದರ ಮೇಲೆ ಬೆಳೆದು ಕಣ್ಣಿಗೆ ಕಾಣುತ್ತದೆ. ಬೆಳೆಯಿತು. ಉಜ್ಜಿ ಮಬ್ಬು ಮಾಡಿದ ಗಾಜಿನ ಹಾಗೆ ಮಂಕಾಗಿ ಹೊಳೆಯುವ, ಅಂಚು ಹರಿದ ಬಿಳಿ ಚುಕ್ಕೆಗಳು. ಅವಳು ಕೋಣೆಗೆ ಬೀಗ ಹಾಕಿದಳು. ಪಕ್ಕದ ಊರಿನ ಆಸ್ಪತ್ರೆಯಲ್ಲಿರುವ ತನ್ನ ಗೆಳತಿಯನ್ನು ಬೇಡಿಕೊಂಡು, ಮಕ್ಕಳ ಚೀಲಗಳು ದಿನಾ ಅಲ್ಲಿಂದ ತಣ್ಣನೆ ಪೆಟ್ಟಿಗೆಯಲ್ಲಿ ಬರುವ ಹಾಗೆ ಮಾಡಿದಳು. ಒಂದು ಮಗುವೂ ಉಪವಾಸ ಬೀಳಲಿಲ್ಲ. ದ್ರಾವಣವನ್ನೂ ಅಲ್ಲಿಂದಲೇ ತರಿಸಿ, ಮತ್ತೆ ಒರೆಸಿ, ತಟ್ಟೆಗಳು ಖಾಲಿ ಬರುವ ತನಕ ಕಾಯುವುದು ಅವಳ ಲೆಕ್ಕವಾಗಿತ್ತು.

ಆದರೆ "ನಿರಂತರ ಸೇವೆಯಲ್ಲಿ" ಎಂಬ ಶೀರ್ಷಿಕೆಯ ತಮ್ಮ ವಿಡಿಯೋ ಊರೆಲ್ಲ ಓಡಾಡುತ್ತಿರುವಾಗಲೇ ಕೋಣೆಗೆ ಬೀಗ ಬಿದ್ದರೆ ಮರ್ಯಾದೆ ಏನಾಗಬೇಕು? ತಮ್ಮ ಫೋನು ಬಂದಾಗ ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕೈ ಒದ್ದೆಯಿದ್ದದ್ದರಿಂದ ಸ್ಪೀಕರ್ ಹಾಕಿದಳು. ಅದು ನನ್ನ ಭಾಗ್ಯ.

"ಏನಮ್ಮಾ, ನಾನು ಉದ್ಘಾಟನೆ ಮಾಡಿದ ಕೋಣೆಗೆ ನೀನು ಬೀಗ ಹಾಕಿದ್ದೀಯಂತೆ?"

"ತಟ್ಟೆಯಲ್ಲಿ ಬೆಳೆದಿದೆ ಸರ್. ಬೀಜಾಣು ಮಾಡೋ ಬ್ಯಾಕ್ಟೀರಿಯಾ. ಬೆರೆಸೋ ಮೇಜಿನ ಮೇಲೇ."

"ಎಷ್ಟು ಬೆಳೆದಿದೆ?"

"ಆ ಮೇಜಿನ ಮೇಲೆ ಒಂದೂ ಇರಬಾರದು ಸರ್."

"ಒಂದೆರಡಕ್ಕೆಲ್ಲ ಕೋಣೆ ಮುಚ್ಚೋದಾ? ನನ್ನ ಆಫೀಸಲ್ಲಿ ಹುಡುಕಿದ್ರೆ ಲಕ್ಷ ಸಿಗುತ್ತೆ. ನಾನು ಸತ್ತಿದ್ದೀನಾ?"

"ತಮ್ಮ ಆಫೀಸಿಂದ ಯಾವ ಮಗುವಿನ ರಕ್ತಕ್ಕೂ ನಳಿಕೆ ಹೋಗಿಲ್ಲ ಸರ್."

ನಾನು ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದೆ. ಅವಳು ಬೀನ್ಸಿನ ನಾರು ತೆಗೆಯುತ್ತಲೇ ಇದ್ದಳು. ಆಮೇಲೆ ತಾವು, "ನೋಡ್ಕೋತೀನಿ," ಎಂದು ಫೋನಿಟ್ಟಿರಿ. ಕೊಟ್ಟ ಮಾತಿಗೆ ತಪ್ಪದವರು ತಾವು, ನೋಡಿಕೊಂಡಿರಿ. ಅನಗತ್ಯ ಭೀತಿ ಹರಡಿದ್ದಕ್ಕಾಗಿ ಅವಳನ್ನು ಹಳೆಯ ಪೀಠೋಪಕರಣಗಳ ಉಗ್ರಾಣಕ್ಕೆ ವರ್ಗ ಮಾಡಿದಿರಿ. ಈಗ ಅವಳ ಕೈಕೆಳಗೆ ಕಾಲು ಮುರಿದ ಕುರ್ಚಿಗಳು, ಬಾಗಿಲು ಕಿತ್ತ ಕಪಾಟುಗಳು ಇವೆ. ಅವುಗಳಿಂದ ತಮಗೆ ಎದುರುತ್ತರ ಬರುವ ಭಯವಿಲ್ಲ.

ಅವಳ ಜಾಗಕ್ಕೆ ಬಂದ ಉಪ ಅಧಿಕಾರಿಗಳು ನೀಲಿ ದ್ರವದಲ್ಲಿ ಕೋಣೆ ಒರೆಸಿಸಿ, ಆಳವಾಗಿ ಉಸಿರೆಳೆದುಕೊಂಡು, "ಆಹಾ, ಎಷ್ಟು ಫ್ರೆಶ್ ಆಗಿದೆ," ಎಂದರಂತೆ. ಬೀಗ ತೆಗೆದರು. ಪಕ್ಕದ ಊರಿನ ಚೀಲಗಳನ್ನು ನಿಲ್ಲಿಸಿದರು. ಮಕ್ಕಳ ಡಾಕ್ಟರು ಹಿಂಜರಿದಾಗ, ಕೋಣೆ ಸುರಕ್ಷಿತವಾಗಿದೆಯೆಂದು ತಾವೇ ಸಹಿ ಹಾಕಿ ಕಳುಹಿಸಿದಿರಿ. ಅವರು ಒಪ್ಪಿಕೊಂಡರು. ಅದಕ್ಕಾಗಿ ಅವರು ಈಗಲೂ ತಮ್ಮನ್ನು ತಾವೇ ಕ್ಷಮಿಸಿಕೊಂಡಿಲ್ಲ. ಅವರ ಪಾಲಿನ ನಾಚಿಕೆಯಲ್ಲಿ ಸ್ವಲ್ಪವನ್ನಾದರೂ ಕಡ ಕೊಡಿಸಬಹುದಿತ್ತು ತಮಗೆ. ಆದರೆ ಇಟ್ಟುಕೊಳ್ಳಲು ಜಾಗವಿರಬೇಕಲ್ಲ.

ಆ ವಾರ್ಡಿನಲ್ಲಿ ಬಸ್ ಕಂಡಕ್ಟರ್ ಕೆಲಸದ ಹೆಂಗಸೊಬ್ಬಳ ಮಗುವಿತ್ತು. ಏಳನೆಯ ತಿಂಗಳಲ್ಲೇ ಹುಟ್ಟಿದ ಹೆಣ್ಣುಕೂಸು. ವಾರ್ಡಿನ ಹೆಡ್ ನರ್ಸು ಅದನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಆ ಹೆಡ್ ನರ್ಸನ್ನು ವಾರ್ಡೆಲ್ಲ ದೊಡ್ಡಕ್ಕ ಎನ್ನುತ್ತದೆ. ನನ್ನ ಹೆಂಡತಿ ಉಗ್ರಾಣಕ್ಕೆ ಹೋದ ಮೇಲೂ ಸಂಜೆ ವಾರ್ಡಿಗೆ ಹೋಗಿ ಗಾಜಿನಾಚೆ ನಿಂತು ನೋಡಿ ಬರುವುದನ್ನು ಬಿಟ್ಟಿರಲಿಲ್ಲ. ಒಂದು ಸಂಜೆ ಮನೆಗೆ ಬಂದವಳು ಹೆಗಲ ಚೀಲವನ್ನೂ ಕೆಳಗಿಡದೆ ನಡುಮನೆಯಲ್ಲಿ ನಿಂತೇ ಇದ್ದಳು.

"ಏನಾಯ್ತೇ?"

"ಗುಬ್ಬಿಗೆ ಜ್ವರ ರೀ. ಮಧ್ಯಾಹ್ನದ ತನಕ ಕೈಕಾಲು ಆಡಿಸ್ತಾ ಇತ್ತಂತೆ. ಈಗ ಬಟ್ಟೆ ತರ ಮಲಗಿದೆ. ದೊಡ್ಡಕ್ಕ ಚೀಲ ಕಿತ್ತು ಹಾಕಿದ್ರು. ಡಾಕ್ಟರು ಎಲ್ಲ ಮಕ್ಕಳದೂ ನಿಲ್ಲಿಸಿಬಿಟ್ರು."

"ಅದೇನಾ?"

"ಗೊತ್ತಿಲ್ಲ. ರಕ್ತ ತಗೊಂಡಿದ್ದಾರೆ. ಗೊತ್ತಿಲ್ಲ ಅಂದ್ನಲ್ಲ."

ನನ್ನ ಮೇಲೆ ಅವಳು ಹಿಂದೆಂದಾದರೂ ಹಾಗೆ ದನಿಯೆತ್ತಿದ್ದು ನನಗೆ ನೆನಪಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಇದ್ದಳು. ನಾನು ಹೊರಗೆ ಒಂದು ಟವೆಲ್ ಹಿಡಿದುಕೊಂಡು ನಿಂತಿದ್ದೆ. ಅದಕ್ಕಿಂತ ಹೆಚ್ಚಿನದನ್ನು ಮಾಡುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

ಅದೇ ಆಗಿತ್ತು. ಗುಬ್ಬಿಯ ರಕ್ತದಲ್ಲಿ ಬೆಳೆದದ್ದು, ಕೋಣೆಯ ಮೇಜಿನ ಮೇಲೆ ಸಿಕ್ಕಿದ ಅದೇ ಜಾತಿಯ, ಅದೇ ತಳಿಯ ಬ್ಯಾಕ್ಟೀರಿಯಾ. ಹೊರಗಿನ ಪ್ರಯೋಗಾಲಯದವರು ಎರಡನ್ನೂ ಹೋಲಿಸಿ ಹೇಳಿದರು. ಮಗು ಬದುಕಿತು. ಡಾಕ್ಟರು, ದೊಡ್ಡಕ್ಕ ಇಬ್ಬರೂ ಅದರ ತಲೆದೆಸೆ ಬಿಟ್ಟು ಕದಲಲಿಲ್ಲ. ಆದರೆ ಸೋಂಕು ಮಿದುಳಿಗೂ ಹೋಗಿತ್ತು. ಈಗ ಮನೆಗೆ ಬಂದಿದೆ, ಹಾಲು ಕುಡಿಯುತ್ತದೆ, ಅಳುತ್ತದೆ; ಬಲಗೈ ಮುಷ್ಟಿ ಮಾತ್ರ ಬಿಚ್ಚುವುದಿಲ್ಲ. ಮುಂದೆ ನಡೆಯುತ್ತದೋ, ಮಾತಾಡುತ್ತದೋ ಎಂದು ಕೇಳಿದರೆ ಡಾಕ್ಟರು, "ಬೆಳೀಲಿ, ನೋಡೋಣ," ಎನ್ನುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಆ ಸೋಂಕು ತಮ್ಮ ಕುಂಡದ ಮಣ್ಣಿನಿಂದಲೇ ಬಂತೆಂದು ನಾನು ಈ ಪತ್ರದ ಮೊದಲ ಕರಡಿನಲ್ಲಿ ಬರೆದಿದ್ದೆ. ನನ್ನ ಹೆಂಡತಿ ಅದನ್ನು ಹೊಡೆದುಹಾಕಿದಳು. "ಕುಂಡ ಇರಬಹುದು, ಶೂ ಇರಬಹುದು, ಬಾಗಿಲು ತೆಗೆದಾಗ ಕಾರಿಡಾರಿಂದ ಬಂದಿರಬಹುದು. ಅದಕ್ಕೂ ಮುಂಚೆನೇ ಒಂದು ಮೂಲೆಯಲ್ಲಿ ಇದ್ದು ನನ್ನ ಕಣ್ಣಿಗೇ ಬೀಳದೆ ಇದ್ದಿರಬಹುದು. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೀಬೇಡಿ ರೀ." ಕೊಲೆಗಾರ ಎಂಬ ಪದವನ್ನೂ ಹೊಡೆದಳು. "ಮಗು ಬದುಕಿದೆ," ಎಂದಳು. ತಾವು ಭೀತಿ ಹರಡುವವಳೆಂದು ಕರೆದ ಹೆಂಗಸು ಇವಳು. ತನ್ನನ್ನು ಮುರುಕು ಕುರ್ಚಿಗಳ ನಡುವೆ ಎಸೆದವರ ವಿಷಯದಲ್ಲೂ ಒಂದು ಅಕ್ಷರ ಹೆಚ್ಚು ಹೇಳಲು ಒಪ್ಪದವಳು. ಬೀಜಾಣು ಹೇಗೆ ಬಂತೆಂದು ಯಾರಿಗೂ ಖಾತ್ರಿಯಿಲ್ಲ. ಕೋಣೆಯಲ್ಲಿ ಅದಿದೆಯೆಂದು ತಿಳಿದ ಮೇಲೂ, ಅದನ್ನು ಕೊಲ್ಲದ ದ್ರವದಲ್ಲಿ ಒರೆಸಿ, ಬೀಗ ತೆಗೆಸಿ, ಸಹಿ ಹಾಕಿದವರು ಯಾರೆಂಬುದು ಮಾತ್ರ ಎಲ್ಲರಿಗೂ ಖಾತ್ರಿಯಿದೆ.

ತನಿಖೆಗೆ ಸಮಿತಿಯಾಯಿತು. ಅಧ್ಯಕ್ಷರು ತಾವೇ. ತಮ್ಮನ್ನು ತಾವು ಪ್ರಶ್ನಿಸಿಕೊಂಡು, ತಮ್ಮ ಉತ್ತರದಿಂದ ತಾವು ತೃಪ್ತರಾಗಿ, ಹೇಳಿಕೆ ಹೊರಡಿಸಿದಿರಿ. ಅದನ್ನು ನಾನು ಹಲವು ಸಲ ಓದಿದ್ದೇನೆ. "ಕೋಣೆಯನ್ನು ಸ್ವಚ್ಛಗೊಳಿಸಲಾಗಿತ್ತು. ನಿಯಮಗಳನ್ನು ಪಾಲಿಸಲಾಗಿತ್ತು. ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಲಾಗಿತ್ತು." ಒಂದು ವಾಕ್ಯದಲ್ಲೂ ಕರ್ತೃವಿಲ್ಲ. ಯಾರು ಸ್ವಚ್ಛಗೊಳಿಸಿದರು? ಯಾರು ಪಾಲಿಸಿದರು? ಶಾಲೆಯಲ್ಲಿ ಮಕ್ಕಳು ಹೀಗೆ ಬರೆದರೆ ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಯಾರು?" ಎಂದು ಗೀಚುತ್ತಿದ್ದೆ. ಇಡೀ ಹೇಳಿಕೆಯಲ್ಲಿ ಕರ್ತೃ ಕಾಣಿಸಿಕೊಳ್ಳುವುದು ಒಂದೇ ಒಂದು ವಾಕ್ಯದಲ್ಲಿ: "ಸಾರಿಗೆ ನೌಕರಳಾದ ತಾಯಿಯು ಕೈಗಳನ್ನು ಸರಿಯಾಗಿ ತೊಳೆಯದೆ ಶಿಶುವನ್ನು ಮುಟ್ಟಿರುತ್ತಾಳೆ." ಆಹಾ! ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದವೂ ಇದೆ. ಜವಾಬ್ದಾರಿ ಹೊರಬೇಕಾದಾಗ ಮಾಯವಾಗುವ ಮನುಷ್ಯರು, ಬೈಗುಳ ಹಂಚುವಾಗ ಎಷ್ಟು ಸ್ಪಷ್ಟವಾಗಿ ಪ್ರತ್ಯಕ್ಷರಾಗುತ್ತಾರೆ!

ತಾವು ಆಕೆಯ ಹೆಸರು ಹಾಕಲಿಲ್ಲ, ನಿಜ. ಹಾಕುವ ಅಗತ್ಯವಿರಲಿಲ್ಲ. ಆ ವಾರ್ಡಿನಲ್ಲಿ ಸಾರಿಗೆ ನೌಕರಳಿದ್ದದ್ದು ಒಬ್ಬಳೇ. ಪತ್ರಿಕೆ ಬಂದ ಮಾರನೆಯ ದಿನ ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಕೂರಲಿಲ್ಲ. ನನ್ನ ಹೆಂಡತಿಯ ಮುಂದೆ ಕೈ ಚಾಚಿದಳು. ಸೋಪು, ಕೈತೊಳೆಯುವ ದ್ರವ ಹಾಕಿ ತಿಕ್ಕಿ ತಿಕ್ಕಿ ಬೆರಳ ಸಂದುಗಳೆಲ್ಲ ಒಡೆದಿದ್ದವು.

"ನನ್ನ ಕೈ ಅಂತೆ ಮೇಡಂ. ಟಿಕೆಟ್ ಹರಿಯೋ ಕೈ, ನೂರು ಜನದ ನೋಟು ಮುಟ್ಟೋ ಕೈ ಅಂತ ನಾನೇ ಹೆದರಿ ಎಲ್ಲರಿಗಿಂತ ಜಾಸ್ತಿ ತೊಳೀತಿದ್ದೆ. ದೊಡ್ಡಕ್ಕನೇ ಬೈತಿದ್ರು, ಸಾಕು ಬಿಡೇ, ಚರ್ಮ ಕಿತ್ತು ಬರುತ್ತೆ ಅಂತ."

"ಆ ಚೀಲ, ಆ ನಳಿಕೆ ಯಾವತ್ತಾದ್ರೂ ಮುಟ್ಟಿದ್ಯಾ?"

"ಇಲ್ಲ ಮೇಡಂ. ಮುಟ್ಟೋಕೆ ಬಿಡ್ತಿರಲಿಲ್ಲ. ಮಗು ಮಲಗಿಸಿದ್ದ ಪೆಟ್ಟಿಗೆ ತೂತಲ್ಲಿ ಕೈ ಹಾಕಿ ಕಾಲು ಸವರ್ತಿದ್ದೆ ಅಷ್ಟೆ."

"ಹಾಗಾದ್ರೆ ಕೇಳು. ಇದು ನಿನ್ನ ಕೈಯಿಂದ ಬಂದದ್ದಲ್ಲ. ಆ ಕೋಣೆಯ ಮೇಜಿನ ಮೇಲೆ ಇತ್ತು. ನಾನೇ ಕಣ್ಣಾರೆ ನೋಡಿದೀನಿ."

ಆಕೆ ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೇಳಿದಳು, "ನೀವು ಹೇಳ್ತೀರಿ, ನಾನು ನಂಬ್ತೀನಿ. ನಮ್ಮತ್ತೆ ನಂಬಬೇಕಲ್ಲ. ಮಗು ಎತ್ಕೊಳ್ಳೋ ಮುಂಚೆ ಕೈ ತೊಳ್ಕೊಂಡ್ಯಾ ಅಂತ ಮುಂಚೆನೂ ಕೇಳ್ತಿದ್ರು. ಈಗ ಕೇಳೋ ರೀತಿನೇ ಬೇರೆ. ನಿನ್ನೆ ನಮ್ಮನೆಯವರು ಸುಮ್ಮನೆ ಕೂತು ನನ್ನ ಕೈನೇ ನೋಡ್ತಿದ್ರು ಮೇಡಂ."

ಇಲ್ಲಿಂದ ಮುಂದೆ ನಿಮ್ಮನ್ನು "ತಾವು" ಎಂದು ಬರೆಯಲು ನನ್ನ ಲೇಖನಿ ಒಪ್ಪುತ್ತಿಲ್ಲ. "ನೀವು" ಸಾಕು. ಅದೂ ನನ್ನ ವೃತ್ತಿಯ ಮರ್ಯಾದೆಗಾಗಿ.

ನಿಮ್ಮ ಶೂವಿನ ಧೂಳನ್ನು ಪ್ರಶ್ನಿಸಿದ್ದು ಅಪರಾಧವಾಯಿತು. ಆಕೆಯ ಕೈಯನ್ನು ಪ್ರಶ್ನಿಸುವುದು ಆಡಳಿತವಾಯಿತು. ಗುಬ್ಬಿಯನ್ನು ಕಾಪಾಡಲು ಹೋರಾಡಿದವಳು ಉಗ್ರಾಣದಲ್ಲಿದ್ದಾಳೆ, ಪರಿಮಳ ಹೀರಿದವರು ಕ್ಲೀನ್‌ರೂಮಿನ ಮುಖ್ಯಸ್ಥರಾಗಿದ್ದಾರೆ. ಮಕ್ಕಳ ಡಾಕ್ಟರು ಈಗ ನಿಮ್ಮ ಚೀಲ ಮುಟ್ಟುವುದಿಲ್ಲ; ಪಕ್ಕದ ಊರಿನಿಂದಲೇ ತರಿಸುತ್ತಾರೆ. ನಿಮ್ಮ ಕೋಣೆ ದೀಪ ಹಚ್ಚಿಕೊಂಡು, ಗಾಳಿ ಸೋಸಿಕೊಂಡು, ಯಾರಿಗೂ ಬೇಡವಾಗಿ ನಿಂತಿದೆ. ಅದಕ್ಕೂ ನೀವು ಹೇಳಿಕೆ ಹೊರಡಿಸಿದ್ದೀರಿ: ಕೋಣೆಯನ್ನು ಮೇಲ್ದರ್ಜೆಗೇರಿಸಲಾಗುತ್ತಿದೆಯಂತೆ. ಯಾರು? ಯಾವಾಗ? ಯಾವ ದ್ರಾವಣದಲ್ಲಿ?

ನಿಮ್ಮ ರಾಜೀನಾಮೆ ನನಗೆ ಬೇಡ. ನಿಮ್ಮಂಥವರು ಒಂದು ಕುರ್ಚಿ ಬಿಟ್ಟರೆ ಇನ್ನೂ ದೊಡ್ಡ ಕುರ್ಚಿಯಲ್ಲಿ ಸಿಗುತ್ತೀರಿ. ನನ್ನ ಹೆಂಡತಿಯನ್ನು ವಾಪಸ್ ಕರೆಸಿಕೊಳ್ಳಿ ಎಂದೂ ಕೇಳುವುದಿಲ್ಲ. ಕೇಳಕೂಡದೆಂದು ಅವಳೇ ಹೇಳಿದ್ದಾಳೆ, ಆಣೆ ಹಾಕಿಸಿಕೊಂಡಿದ್ದಾಳೆ. ಅವಳು ಕೇಳಿ ಎಂದದ್ದು ಇಷ್ಟು: ಬೀಜಾಣು ಕೊಲ್ಲುವ ದ್ರಾವಣ ಆ ಕೋಣೆಗೆ ಮರಳಿ ಬರಲಿ. ಪೆಟ್ಟಿಗೆಗಳನ್ನು ಸಿಬ್ಬಂದಿ ಹೊರಗೇ ಬಿಚ್ಚಲಿ. ಒಳಗೆ ಹೋಗುವವರು ಯಾರೇ ಆಗಲಿ, ತೊಳೆದುಕೊಂಡು, ಗೌನು ತೊಟ್ಟು ಹೋಗಲಿ. ಅಲಾರಂ ನಿಲ್ಲಿಸುವ ಅಧಿಕಾರ ಒಳಗೆ ಕೆಲಸ ಮಾಡುವವರ ಹೊರತು ಬೇರೆ ಯಾರಿಗೂ ಇರದಿರಲಿ. ತಟ್ಟೆಯಲ್ಲಿ ಬೆಳೆದರೆ ಬಾಗಿಲು ಮುಚ್ಚಬೇಕು, ಮುಚ್ಚಿದವರನ್ನು ಶಿಕ್ಷಿಸಕೂಡದು. ಇದರಲ್ಲಿ ನಿಮಗೆ ಅರ್ಥವಾಗದ್ದು ಏನಾದರೂ ಇದ್ದರೆ ಊಟದ ಹೊತ್ತಿಗೆ ನಮ್ಮ ಮನೆಗೆ ಬನ್ನಿ, ಅವಳು ಹೇಳಿಕೊಡುತ್ತಾಳೆ.

ನಾನು ಕೇಳುವುದು ಇನ್ನೊಂದು. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿ ಕೈತೊಳೆದುಕೊಳ್ಳುವುದಕ್ಕೆ ನಾನು ಬಿಡುವುದಿಲ್ಲ. ನೀವು ಆ ಕಂಡಕ್ಟರ್ ಹೆಂಗಸಿನ ಮನೆಗೆ ಹೋಗಬೇಕು. ಮೊದಲ ಮಹಡಿ, ಮೆಟ್ಟಿಲು ಕಿರಿದು, ತಲೆ ಬಗ್ಗಿಸಿಯೇ ಹತ್ತಬೇಕು. ಕ್ಯಾಮೆರಾ ಬೇಡ, ಸಹಾಯಕರು ಬೇಡ. ಆಕೆಯ ಅತ್ತೆ ಮತ್ತು ಗಂಡನ ಎದುರು ನಿಂತು, "ನಿಮ್ಮ ಸೊಸೆಯ ಕೈಯಿಂದ ಏನೂ ಆಗಿಲ್ಲ. ಬೀಗ ತೆಗೆಸಿದವನು ನಾನು," ಎಂದು ಹೇಳಬೇಕು. ವಾಕ್ಯವನ್ನು ನಾನೇ ರಚಿಸಿ ಕೊಟ್ಟಿದ್ದೇನೆ, ಕರ್ತೃ ಎಲ್ಲಿದೆಯೆಂದು ಹುಡುಕುವ ಕಷ್ಟವೂ ಇಲ್ಲ.

ಅಜ್ಜಿ ಒಳ್ಳೆಯವರು. ಅಷ್ಟು ಹೇಳಿದರೆ ಕರಗಿ, ಮಗುವನ್ನು ನಿಮ್ಮ ತೊಡೆಯ ಮೇಲೆ ಇಡಲು ಬಂದರೂ ಬಂದಾರು. ಆಗ ದಯವಿಟ್ಟು ಮೊದಲು ಕೈ ತೊಳೆದುಕೊಳ್ಳಿ.

ಇಂತಿ,
ನಿಮ್ಮ ಆಸ್ಪತ್ರೆಗೇ ಬರಬೇಕಾದ ವಯಸ್ಸಿನ, ಹಾಗಾಗಿ ಈ ಪತ್ರ ಬರೆಯಬಾರದಿತ್ತೇನೋ ಎಂದು ಈಗಲೇ ಹೆದರುತ್ತಿರುವ,
ಒಬ್ಬ ನಿವೃತ್ತ ವ್ಯಾಕರಣದ ಮೇಷ್ಟ್ರು